ತಲೆ ಬಾಗಿಸುವ ಸೈಕಲ್ಲನ್ನು ಆರಿಸಿಕೊಟ್ಟ ಯಂತ್ರ ಮಹೋದಯರಿಗೆ

ಇವರಿಂದ:
ಪಾಲಯ್ಯ, ನಿವೃತ್ತ ಮೀಟರ್ ರೀಡರ್, ಹರಪನಹಳ್ಳಿ.

ಇವರಿಗೆ:
ಸೈಕಲ್ ಆರಿಸಿಕೊಡುವ ಯಂತ್ರ ಮಹೋದಯರು, ಪವನದೂತ ಸೈಕಲ್ ಕಂಪನಿ, ಮೊಬೈಲ್ ಫೋನಿನ ಒಳಗೆ.

ವಿಷಯ: ತಾವು ದಿನಕ್ಕೆ ಮೂರು ಹೊತ್ತು ಕೇಳುತ್ತಿರುವ ಐದು ನಕ್ಷತ್ರಗಳನ್ನು ಕೊಡಲೂ ಆಗದ, ಕೊಡದೆ ಇರಲೂ ಆಗದ ನನ್ನ ಪರಿಸ್ಥಿತಿಯ ಬಗ್ಗೆ.

ಮಾನ್ಯರೇ,

ನನ್ನ ಸೊಂಟ, ಎರಡೂ ಮಣಿಕಟ್ಟು ಮತ್ತು ಮರ್ಯಾದಸ್ಥರ ಪತ್ರದಲ್ಲಿ ಹೆಸರಿಸಲು ಬಾರದ ಇನ್ನೊಂದು ಭಾಗವನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಉಳಿದವರೆಲ್ಲ ಕ್ಷೇಮವಾಗಿದ್ದು, ತಾವೂ ತಮ್ಮ ತಂತಿ, ಬ್ಯಾಟರಿ ಪರಿವಾರ ಸಮೇತ ವೋಲ್ಟೇಜ್ ಏರುಪೇರಿಲ್ಲದೆ ಸುಖವಾಗಿದ್ದೀರೆಂದು ನಂಬಿದ್ದೇನೆ. ಮೂವತ್ತಮೂರು ವರ್ಷ ವಿದ್ಯುತ್ ಇಲಾಖೆಯಲ್ಲಿ ಮನೆಮನೆ ಮೀಟರ್ ಓದಿದವನಾದ್ದರಿಂದ, ಕರೆಂಟು ತಿಂದು ಬದುಕುವ ಯಾರನ್ನು ಕಂಡರೂ ನನಗೆ ನಮ್ಮವರೇ ಎಂಬ ಅಕ್ಕರೆ. ಆ ಅಕ್ಕರೆಯಿಂದಲೇ ಈ ಪತ್ರವನ್ನು ಗುಟ್ಟಾಗಿ ಕಳಿಸದೆ, ನಮ್ಮ ತಾಲ್ಲೂಕಿನ ವಾರಪತ್ರಿಕೆಯಲ್ಲಿ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ತಮ್ಮ ಸಂದೇಶಗಳು ತಪ್ಪದೆ ತಲುಪುತ್ತಿವೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು, ಮಧ್ಯಾಹ್ನ ರೊಟ್ಟಿ ಮುರಿಯುವಾಗ ಒಂದು, ಸಂಜೆ ದೀಪ ಹಚ್ಚುವಾಗ ಒಂದರಂತೆ, 'ಪ್ರಿಯ ಪಾಲಯ್ಯ, ನಿಮ್ಮ ಬಿರುಗಾಳಿ-೯ ಸವಾರಿ ಹೇಗಿತ್ತು? ಐದು ನಕ್ಷತ್ರ ಕೊಡುವಿರಾ?' ಎಂದು ತಾವು ವಿಚಾರಿಸುವ ಆ ಪ್ರೀತಿಯನ್ನು ನನ್ನ ಒಡಹುಟ್ಟಿದವರೂ ತೋರಿಸಿದ್ದಿಲ್ಲ. ಹಾಗಿದ್ದೂ ಒಂದು ತಿಂಗಳು ಉತ್ತರ ಕೊಡದೆ ಕೂತಿದ್ದಕ್ಕೆ ಕಾರಣವಿದೆ. ಉತ್ತರದಲ್ಲಿ ಸತ್ಯ ಬರೆದರೆ ನಲವತ್ತೆಂಟು ವರ್ಷದ ನನ್ನ ಗೆಳೆತನವೊಂದು ಎರಡನೆಯ ಸಲ ಮುರಿದುಬಿದ್ದೀತೆಂಬ ಹೆದರಿಕೆ, ಬರೆಯದಿದ್ದರೆ ಮೋಸ ಮಾಡಿ ತಿಂದ ಹಲ್ವಾ ಜೀರ್ಣವಾಗಲಿಕ್ಕಿಲ್ಲವೆಂಬ ಹೆದರಿಕೆ. ಹಲ್ವಾದ ಸಂಗತಿಯನ್ನು ಅದರ ಸರದಿ ಬಂದಾಗ ನಿವೇದಿಸುತ್ತೇನೆ.

ಮೊದಲಿಗೆ ನಮ್ಮಿಬ್ಬರ ಪರಿಚಯವಾದ ಆ ಶುಭ ಭಾನುವಾರವನ್ನು ನೆನೆಯೋಣ. ನನ್ನ ಮಂಡಿಗಳನ್ನು ಒತ್ತಿ ನೋಡಿದ ಡಾಕ್ಟರು, ದಿನಾ ಬೆಳಿಗ್ಗೆ ಬೆನ್ನು ನೆಟ್ಟಗಿಟ್ಟುಕೊಂಡು, ಅವಸರವಿಲ್ಲದೆ, ಆರಾಮಾಗಿ ಸೈಕಲ್ ತುಳಿಯಿರೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಟೀಚರಾಗಿರುವ ನನ್ನ ಮಗಳು ಸಂಗೀತಾ, ಹುಟ್ಟುಹಬ್ಬದ ಉಡುಗೊರೆಯಾಗಿ ತಾನೇ ಸೈಕಲ್ ಕೊಡಿಸುತ್ತೇನೆಂದು ಫೋನು ತೆರೆದು ತಮ್ಮನ್ನು ನನ್ನೆದುರು ಪ್ರತ್ಯಕ್ಷ ಮಾಡಿದಳು. ತಾವು ಹನ್ನೊಂದು ಪ್ರಶ್ನೆ ಕೇಳಿದಿರಿ. ಎತ್ತರ ಕೇಳಿದಿರಿ, ನನ್ನ ಹೆಂಡತಿ ಮೈಲಮ್ಮ ನನ್ನನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲಿಸಿ ಬ್ಲೌಸ್ ಅಳೆಯುವ ಟೇಪಿನಿಂದ ಅಳೆದು ಹೇಳಿದಳು. ದಿನಕ್ಕೆ ಎಷ್ಟು ದೂರ ತುಳಿಯುತ್ತೀರೆಂದು ಕೇಳಿದಿರಿ. ಆರು ವರ್ಷದಿಂದ ಪೆಡಲ್ ಮುಟ್ಟದವನು, ಸರ್ವೀಸಿನಲ್ಲಿದ್ದ ದಿನಗಳನ್ನು ನೆನೆಸಿಕೊಂಡು ಮೂವತ್ತೆಂಟು ಕಿಲೋಮೀಟರ್ ಎಂದು ಗಟ್ಟಿಯಾಗಿ ಹೇಳಿದೆ. ಅದು ಸುಳ್ಳೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬೆಕ್ಕು ಕೂಡ ಎದ್ದು ಹೋಯಿತು.

ಕೊನೆಗೆ ತಾವು ನಾಲ್ಕು ಚಿತ್ರ ತೋರಿಸಿ ಒಂದನ್ನು ಒತ್ತಿ ಎಂದಿರಿ. ಮೊದಲ ಚಿತ್ರದಲ್ಲಿ ಬಿಳಿಕೂದಲಿನ ಒಬ್ಬ ಮುದುಕಪ್ಪ, ಎತ್ತರದ ಹ್ಯಾಂಡಲ್ ಹಿಡಿದು, ಅಗಲದ ಸೀಟಿನ ಮೇಲೆ ಫೋಟೋ ಸ್ಟುಡಿಯೋದಲ್ಲಿ ಕೂತಂತೆ ನೆಟ್ಟಗೆ ಕೂತು, ಮುಂದಿನ ಬುಟ್ಟಿಯಲ್ಲಿ ಹೂಕೋಸು ಇಟ್ಟುಕೊಂಡು ನಗುತ್ತಿದ್ದ. ಕೊನೆಯದರಲ್ಲಿ ಹೆಲ್ಮೆಟ್ಟು, ಕರಿ ಕನ್ನಡಕ ತೊಟ್ಟ ಗಟ್ಟಿಗನೊಬ್ಬ ಹ್ಯಾಂಡಲ್ಲಿನ ಮೇಲೆ ಕವುಚಿಕೊಂಡು ಹಾರುತ್ತಿದ್ದ. ಸಂಗೀತಾಳ ಬೆರಳು ಮುದುಕಪ್ಪನ ಕಡೆ ಹೋಯಿತು. "ಅಪ್ಪಾ, ನಿನಗ ಸರಿಯಾಗೋದು ಇದಾ ನೋಡು, ಡಾಕ್ಟರ್ ಹೇಳಿದ್ದೂ ಇದನ್ನ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು, "ನಾನೇನು ಹೂಕೋಸು ಹೊರೋ ಮುದುಕ ಆಗೀನಾ?" ಎಂದು ನನ್ನ ಹೆಬ್ಬೆಟ್ಟಿನಿಂದ ನಾನೇ ಆ ಹಾರುವವನನ್ನು ಒತ್ತಿಬಿಟ್ಟೆ. ತಕ್ಷಣ ತಾವು ಪರದೆಯ ತುಂಬ ಬಣ್ಣದ ಕಾಗದ ಚೆಲ್ಲಿ, 'ಅಭಿನಂದನೆಗಳು ಪಾಲಯ್ಯ! ನೀವು ಹುಟ್ಟಾ ವೇಗಿ!' ಎಂದಿರಿ. ಮೂವತ್ತಮೂರು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ಆಡದ ಮಾತದು. ನಾನು ಆ ದಿನ ಎರಡು ರೊಟ್ಟಿ ಹೆಚ್ಚು ಉಂಡೆ.

ವಾರದೊಳಗೆ ಬಿರುಗಾಳಿಯವರು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಕೊಂಡು ನಮ್ಮ ಮನೆಗೆ ಆಗಮಿಸಿದರು. ಸಂಗೀತಾ ಫೋನು ನೋಡಿಕೊಂಡು ಒಂದೊಂದೇ ಭಾಗವನ್ನು ಜೋಡಿಸಿದಳು. ಸ್ಟ್ಯಾಂಡು ಇಲ್ಲ, ಬೆಲ್ಲು ಇಲ್ಲ, ಮಡ್‌ಗಾರ್ಡ್ ಇಲ್ಲ, ಒಂದು ಪಾವು ಮಂಡಕ್ಕಿ ಕಟ್ಟಿಕೊಂಡು ಬರೋಣವೆಂದರೆ ಕ್ಯಾರಿಯರ್ ಇಲ್ಲ. ಇಷ್ಟೆಲ್ಲ ಇಲ್ಲದಿರುವುದಕ್ಕೇ ಇದು ದೊಡ್ಡವರ ಸೈಕಲ್ ಎಂದು ಮಗಳು ವಿವರಿಸಿದಳು. ಸೀಟಂತೂ ಒಣಗಿದ ಮಾವಿನ ಓಟೆಗೆ ಕರಿ ಬಣ್ಣ ಬಳಿದಂತಿತ್ತು. ಮೈಲಮ್ಮ ಅದನ್ನು ಎರಡು ಬೆರಳಲ್ಲಿ ಮುಟ್ಟಿ, "ಏನ್ರಿ ಇದು, ಸೀಟು ಕಳ್ಸೋದು ಮರ್ತು ಅದರ ಕೆಳಗಿನ ಮೊಳಿ ಅಷ್ಟಾ ಕಳ್ಸ್ಯಾರಲ್ಲ" ಎಂದಳು. ಕಂಪನಿಯವರ ಪರವಾಗಿ ನಾನೇ ಅವಳೊಡನೆ ವಾದ ಮಾಡಿದೆನೆಂಬುದನ್ನು ದಯವಿಟ್ಟು ತಮ್ಮ ಕಡತದಲ್ಲಿ ನಮೂದಿಸಿಕೊಳ್ಳಬೇಕು.

ಸೀಟಿಗಿಂತ ಒಂದು ಗೇಣು ಕೆಳಗಿದ್ದ ಆ ಹ್ಯಾಂಡಲ್ ಹಿಡಿದು ಹೊರಟ ಮೇಲೆ, ನಾನು ಹುಟ್ಟಿ ಬೆಳೆದ ಊರಿನಲ್ಲಿ ಅದುವರೆಗೂ ಕಾಣದ ಎಷ್ಟೋ ವಸ್ತುಗಳನ್ನು ಕಂಡೆ. ಎಲ್ಲವೂ ನೆಲದ ಮೇಲಿದ್ದವು. ಗುಟ್ಕಾ ಚೀಟಿ, ಸಗಣಿ, ಸುರಿದುಹೋದ ಮೆಕ್ಕೆಜೋಳದ ಕಾಳು, ಒಂಟಿ ಚಪ್ಪಲಿ ಇವನ್ನೆಲ್ಲ ಇಷ್ಟು ಹತ್ತಿರದಿಂದ ತೋರಿಸಿದ್ದಕ್ಕೆ ತಮಗೆ ಋಣಿ. ಆದರೆ ಮನುಷ್ಯರ ಮುಖ ಕಾಣಲಿಲ್ಲ. ನಮ್ಮೂರಲ್ಲಿ ಎದುರಿಗೆ ಬಂದವರು "ಚಾ ಆತೇನು ಪಾಲಣ್ಣ?" ಎಂದು ಕೇಳುತ್ತಾರೆ, ಕೇಳಿದವರ ಮುಖ ನೋಡಿ "ಆತು, ನಿಮ್ಮದು?" ಎನ್ನಬೇಕು. ಹಾಗೆನ್ನದೆ ಹೋದವನಿಗೆ ಸೊಕ್ಕು ಬಂದಿದೆಯೆಂದು ತೀರ್ಮಾನವಾಗುತ್ತದೆ. ಉತ್ತರ ಕೊಡಲು ತಲೆ ಎತ್ತಿದರೆ ಸೈಕಲ್ಲು ಚರಂಡಿಗೆ ನುಗ್ಗುತ್ತದೆ, ಎತ್ತದಿದ್ದರೆ ಮರ್ಯಾದೆ ಚರಂಡಿಗೆ ಹೋಗುತ್ತದೆ. ಎರಡನೇ ದಿನಕ್ಕೇ ಪಾಲಯ್ಯ ಏನೋ ಕಳೆದುಕೊಂಡಿದ್ದಾನೆ, ದಾರಿ ತುಂಬ ಹುಡುಕುತ್ತಿದ್ದಾನೆ ಎಂಬ ಸುದ್ದಿ ಹಬ್ಬಿ, ಪುಣ್ಯಾತ್ಮರೊಬ್ಬರು ಯಾವುದೋ ಬೀಗದ ಕೈ ತಂದು ನನ್ನ ಜೇಬಿಗೆ ಹಾಕಿ ಹೋದರು. ಅದು ಯಾರದೆಂದು ಇಂದಿಗೂ ತಿಳಿದಿಲ್ಲ.

ಕಾಯಿಪಲ್ಲೆ ಮಾರುವ ನಾಗಕ್ಕ ನಾನು ತನಗೇ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು, ನನಗಿಂತ ಮೂರು ವರ್ಷ ಚಿಕ್ಕವಳಾದರೂ ಸೌತೆಕಾಯಿ ಹಿಡಿದ ಕೈ ಎತ್ತಿ "ನೂರು ವರ್ಷ ಬಾಳಪ್ಪಾ" ಎಂದು ಹರಸಿದಳು. ಬಾಗಳಿ ರಸ್ತೆಯಲ್ಲಂತೂ ಕುರಿಹಿಂಡಿನ ಮುಂದಿದ್ದ ಒಂದು ಟಗರು, ತಲೆ ತಗ್ಗಿಸಿಕೊಂಡು ತನ್ನತ್ತ ಬರುತ್ತಿದ್ದ ನನ್ನನ್ನು ಕಂಡು ನಾಲ್ಕು ಹೆಜ್ಜೆ ಹಿಂದೆ ಸರಿದು, ತಾನೂ ತಲೆ ತಗ್ಗಿಸಿತು. ಕುರಿ ಕಾಯುವ ಬೀರಲಿಂಗೇಶ್, "ಯಜಮಾನ್ರ, ತಲಿ ಎತ್ರಿ, ಎತ್ರಿ! ನೀವು ಗುದ್ದಾಟಕ್ಕ ಕರದೀರಿ ಅಂತ ಅದು ತಿಳಕಂಡೈತಿ!" ಎಂದು ಕಂಬಳಿ ಬೀಸುತ್ತ ಓಡಿಬಂದ. ಅಷ್ಟರಲ್ಲಿ ಟಗರು ತನ್ನ ಅಭಿಪ್ರಾಯವನ್ನು ಮುಂದಿನ ಗಾಲಿಗೆ ತಿಳಿಸಿಯಾಗಿತ್ತು. ಗಾಲಿಗೆ ಏನೂ ಆಗಲಿಲ್ಲ, ತಮ್ಮ ಕಬ್ಬಿಣ ಗಟ್ಟಿ, ಅದನ್ನು ಮುಚ್ಚುಮರೆಯಿಲ್ಲದೆ ಹೊಗಳುತ್ತೇನೆ.

ಇಷ್ಟಾದರೂ ನಾನು ದೂರು ಬರೆಯುತ್ತಿರಲಿಲ್ಲ. ಟಗರು ಯುದ್ಧವೆಂದು ಓದಿದ ಆ ಬಾಗನ್ನೇ ಒಬ್ಬ ಮನುಷ್ಯ ಬೇರೆಯಾಗಿ ಓದಿದ. ಅಲ್ಲಿಂದ ನನ್ನ ಸಂಕಟ ಶುರುವಾಯಿತು.

ಅವನ ಹೆಸರು ದಾದಾಪೀರ್, ನಮ್ಮ ಓಣಿಯ ತುದಿಯಲ್ಲಿ ಸೈಕಲ್ ಅಂಗಡಿ. ಹದಿನೈದನೇ ವಯಸ್ಸಿನಲ್ಲಿ ನಾವಿಬ್ಬರೂ ಕೊಟ್ಟೂರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲನ್ನು ಅರ್ಧರ್ಧ ಗಂಟೆ ಹಂಚಿಕೊಂಡು, ಒಬ್ಬ ಬಿದ್ದಾಗ ಇನ್ನೊಬ್ಬ ನಕ್ಕು ಸವಾರಿ ಕಲಿತವರು. ಮುಂದೆ ನನ್ನ ಕರಿ ಸೈಕಲ್ಲು ಅವನ ಕೈಯಲ್ಲೇ ಬದುಕಿತು. ಅದರ ಮೇಲೆ ನೆಟ್ಟಗೆ ಕೂತರೆ ಕಾಂಪೌಂಡಿನ ಆಚೆಯ ಮೀಟರು ಇಳಿಯದೆಯೇ ಕಾಣುತ್ತಿತ್ತು, ನಾಯಿ ಬರುವುದೂ ಕಾಣುತ್ತಿತ್ತು. ಆರು ವರ್ಷದ ಹಿಂದೆ ಅದನ್ನು ರಿಪೇರಿಗೆ ಬಿಟ್ಟು ಮರುದಿನ ಹೋದರೆ, ಇಪ್ಪತ್ತಾರು ವರ್ಷ ನನ್ನ ಕೂರುವಿಕೆಗೆ ಒಗ್ಗಿಕೊಂಡಿದ್ದ ಚರ್ಮದ ಸೀಟನ್ನು ನನ್ನನ್ನು ಕೇಳದೆ ಕಿತ್ತೆಸೆದು, ಹೊಸದನ್ನು ಕೂಡಿಸಿದ್ದ. ನನಗೆ ತಲೆ ಕೆಟ್ಟಿತು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೆದುರಿಗೆ, "ಗ್ರೀಸ್ ಹಚ್ಚೋದು ಬಿಟ್ರ ನಿನಗೇನ್ ಗೊತ್ತೈತಿ? ಕೈ ಕರ್ರಗಾದವರೆಲ್ಲಾ ಮೇಸ್ತ್ರಿ ಆಗಂಗಿಲ್ಲ" ಎಂದುಬಿಟ್ಟೆ. ಅವನು ನಿಧಾನವಾಗಿ ಕೈ ಒರೆಸಿಕೊಂಡು, "ಈ ಅಂಗಡಿ ಮುಂದ ಬಂದು ನೀನು ತಲಿ ಬಗ್ಗಸೋ ತನಕ ನಿನ್ನ ಸೈಕಲ್‌ಗೆ ಈ ಕೈಯಿಂದ ಒಂದ್ ಪಂಪ್ ಗಾಳಿ ಹೋಗಂಗಿಲ್ಲ" ಎಂದ. ನಾನು, "ಕುತ್ತಿಗಿ ಮುರದ್ರೂ ಬಗ್ಗಂಗಿಲ್ಲ" ಎಂದು ಸೈಕಲ್ ತಳ್ಳಿಕೊಂಡು ಬಂದೆ.

ಮಾನ್ಯರೇ, ಆ ದಿನ ಸಂಜೆಯೇ ಅವನ ಅಂಗಡಿಯ ಪಕ್ಕದ ಗುಜರಿ ರಾಶಿಯಲ್ಲಿ ನನ್ನ ಹಳೆ ಸೀಟು ಬಿದ್ದಿದ್ದನ್ನು ಕಂಡೆ. ಚರ್ಮ ಸೀಳಿತ್ತು, ಸ್ಪ್ರಿಂಗ್ ಮುರಿದು ಅದರ ಚೂಪು ತುದಿ ಮೇಲಕ್ಕೆ ಎದ್ದಿತ್ತು. ಇನ್ನೊಂದು ವಾರ ಅದರ ಮೇಲೆ ಕೂತಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ಹೇಳಬೇಕಿಲ್ಲ. ತಪ್ಪು ನನ್ನದೆಂದು ಅಲ್ಲೇ ನಿಂತು ಗೊತ್ತಾಯಿತು, ಹತ್ತು ಹೆಜ್ಜೆಯಾಚೆ ಅವನು ಬಾಗಿಲು ಹಾಕುತ್ತಿದ್ದ, ಆದರೂ ಬಾಯಿ ಬರಲಿಲ್ಲ. ಊರಲ್ಲಿ ಬೇರೆ ಸೈಕಲ್ ಅಂಗಡಿ ಇಲ್ಲವೆಂದಲ್ಲ, ಅವನ ಕೈ ಬಿಟ್ಟು ಇನ್ನೊಂದು ಕೈಗೆ ಆ ಸೈಕಲ್ ಕೊಡಲು ಮನಸ್ಸು ಒಪ್ಪಲಿಲ್ಲ. ಅದು ಗೋಡೆಗೆ ಆನಿಕೊಂಡೇ ತುಕ್ಕು ಹಿಡಿಯಿತು. ಉಳಿದ ಮೂರು ವರ್ಷದ ನೌಕರಿಯನ್ನು ನಡೆದೇ ಮುಗಿಸಿದೆ, ಮಂಡಿ ಹೋದದ್ದು ಹಾಗೆ. ಅವನ ಮಗಳು ಗುಲಫಶಾಳ ಮದುವೆಗೆ ಅವನ ಹೆಂಡತಿ ಮುನ್ನೀ ಬೀ ತಾನೇ ಬಂದು ಕರೆದು ಹೋದಳು. ನಾನು ಜ್ವರವೆಂದು ಸುಳ್ಳು ಹೇಳಿ ಹೊದ್ದು ಮಲಗಿದೆ. ಮದುವೆಯಲ್ಲಿ ಆ ಹುಡುಗಿ "ಪಾಲಯ್ಯ ಮಾಮಾ ಎಲ್ಲಿ?" ಎಂದು ಮೂರು ಸಲ ಕೇಳಿದಳೆಂದು ಮೈಲಮ್ಮ ಬಂದು ಹೇಳಿದಾಗ, ಹೊದಿಕೆಯೊಳಗೆ ನಾನು ಅತ್ತಿದ್ದೇನೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಯಂತ್ರವೆಂಬ ಸಲಿಗೆಯಿಂದ ತಮಗೆ ಹೇಳುತ್ತಿದ್ದೇನೆ.

ಈಗ ತಮ್ಮ ಬಿರುಗಾಳಿಯ ಪವಾಡಕ್ಕೆ ಬರೋಣ. ನನ್ನ ಮನೆಯಿಂದ ಹೊರಬೀಳಲು ಇರುವುದು ದಾದಾಪೀರನ ಅಂಗಡಿಯ ಮುಂದಿನ ದಾರಿ ಒಂದೇ, ಅಂಗಡಿಯ ಎದುರಿಗೆ ಸರಿಯಾಗಿ ಒಂದು ರೋಡ್ ಹಂಪು. ಮೊದಲೇ ಬಾಗಿದ್ದ ನನ್ನ ತಲೆ, ಹಂಪಿಗೆ ಗಾಲಿ ಬಡಿದ ಕೂಡಲೇ ಇನ್ನೂ ಒಂದು ಗೇಣು ಇಳಿದು ಹ್ಯಾಂಡಲ್ಲಿಗೆ ಮುತ್ತಿಟ್ಟು ಏಳುತ್ತಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ, ಹೋಗುವಾಗ ಒಂದು, ಬರುವಾಗ ಒಂದು, ಒಟ್ಟು ಹತ್ತು ಸಲ ನಾನು ಅವನ ಅಂಗಡಿಯ ಮುಂದೆ ನೆಲ ಕಾಣುವಷ್ಟು ಬಾಗಿದ್ದೇನೆಂಬುದು ನೆಲವನ್ನೇ ನೋಡುತ್ತಿದ್ದ ನನಗೆ ತಿಳಿಯಲೇ ಇಲ್ಲ. ಶುಕ್ರವಾರ ಸಂಜೆ ನಮಾಜು ಮುಗಿಸಿ, ಬಿಳಿ ಜುಬ್ಬಾದಲ್ಲೇ, ಮುನ್ನೀ ಬೀಯನ್ನೂ ಕರೆದುಕೊಂಡು, ಗೋಧಿ ಹಲ್ವಾದ ಡಬ್ಬಿ ಹಿಡಿದು ದಾದಾಪೀರ್ ನಮ್ಮ ಬಾಗಿಲಲ್ಲಿ ನಿಂತಿದ್ದ.

"ಐದ್ ದಿನದಿಂದ ನೋಡಾಕತ್ತೀನಲೇ ಪಾಲ್ಯಾ" ಎಂದ. "ದಿನಾ ಬಗ್ಗಿ ಹೋಗಾಕತ್ತೀದಿ. ಒಂದ್ ಸಲ ಬಗ್ಗಿದ್ರ ಸಾಕಿತ್ತು. ನಾನೂ ಅವತ್ತು ನಾಕ್ ಮಂದ್ಯಾಗ ಹಂಗ ಅನ್ನಬಾರದಿತ್ತು." ನಾನು ಬಾಯಿ ತೆರೆದೆ, 'ಅದು ನಾನಲ್ಲ, ಹ್ಯಾಂಡಲ್' ಎಂಬಷ್ಟು ನಾಲಗೆಯ ತುದಿಗೆ ಬಂದಿತ್ತು. ಮೈಲಮ್ಮ ಹಿಂದಿನಿಂದ ನನ್ನ ರಟ್ಟೆಯನ್ನು ಚಿವುಟಿದ ಚಿವುಟಿಗೆ ಆ ಮಾತು ಮರಳಿ ಹೊಟ್ಟೆಗೆ ಇಳಿಯಿತು. ಅದರ ಹಿಂದೆಯೇ ಹಲ್ವಾ ಹೋಯಿತು. ಮುನ್ನೀ ಬೀ, "ತಿನ್ನು ಅಣ್ಣಾ, ಆರು ವರ್ಷದ್ದು ಬಾಕಿ ಐತಿ" ಎಂದು ಮತ್ತೆ ಮತ್ತೆ ಬಡಿಸಿದಳು. ಮಾಡದ ನಮಸ್ಕಾರಕ್ಕೆ ಬಂದ ಹಲ್ವಾವನ್ನು ಮೂರು ಸಲ ಹಾಕಿಸಿಕೊಂಡು ತಿಂದೆ, ಬಹಳ ರುಚಿಯಾಗಿತ್ತು.

ಆಮೇಲೆ ಅವನು ಸೈಕಲ್ ನೋಡಬೇಕೆಂದ. ಸೈಕಲ್ ಮೇಸ್ತ್ರಿ ಹತ್ತಿರದಿಂದ ಹ್ಯಾಂಡಲ್ ನೋಡಿದರೆ ಮುಗಿಯಿತು ಕತೆ ಎಂದು ಮೈಲಮ್ಮ ಆಗಲೇ ಅದರ ಮೇಲೆ ದೊಡ್ಡ ಕೌದಿ ಹೊದಿಸಿ, "ಬಿಸಿಲಿಗೆ ಬಣ್ಣ ಹೋಗತೈತಂತ ಹೊಚ್ಚೀವಿ" ಎಂದಳು. ಸೈಕಲ್ ಇದ್ದದ್ದು ನಡುಮನೆಯ ಮೂಲೆಯಲ್ಲಿ, ಅಲ್ಲಿ ಹಗಲಲ್ಲೂ ಲೈಟು ಹಾಕಬೇಕು. ದಾದಾಪೀರ್ ಕೌದಿಯ ಅಂಚು ಎತ್ತಿದ, ಒಂದು ಗಳಿಗೆ ನೋಡಿದ, ಮತ್ತೆ ಮುಚ್ಚಿದ. "ನಾಳಿ ಅಂಗಡಿಗೆ ತಾ, ಸ್ವಲ್ಪ ಕೆಲಸ ಐತಿ" ಎಂದಷ್ಟೇ ಹೇಳಿ ಹೋದ.

ಮರುದಿನ ಅಂಗಡಿಯಲ್ಲಿ ಅವನು ಸೈಕಲ್ ಆರಿಸಿದ ಪದ್ಧತಿಯನ್ನು ತಮ್ಮ ಜ್ಞಾನವೃದ್ಧಿಗಾಗಿ ವಿವರಿಸುತ್ತೇನೆ. ಹನ್ನೊಂದು ಪ್ರಶ್ನೆ ಕೇಳಲಿಲ್ಲ. "ಎಲ್ಲೆಲ್ಲಿಗೆ ಹೋಗ್ತಿ, ದಾರ್ಯಾಗ ಯಾರ್ಯಾರ್ನ ಮಾತಾಡಸ್ತಿ?" ಎಂದು ಒಂದೇ ಕೇಳಿದ. ಬಾಗಳಿ ರಸ್ತೆಯವರೆಗೆ ಹೋಗಿ ಬರುವುದು, ಕಂಡವರನ್ನೆಲ್ಲ ಮಾತಾಡಿಸುವುದು ಎಂದೆ. "ಅಂದ್ರ ನಿನಗ ಬೇಕಾಗಿರೋದು ಕುಂತು ಮಾತಾಡೋ ಸೈಕಲ್" ಎಂದು ಕೆಲಸಕ್ಕಿಳಿದ. ಉದ್ದದ ಕೊಳವೆ ಕೊಟ್ಟು ಬಿರುಗಾಳಿಯ ಹ್ಯಾಂಡಲ್ ಜಾಗವನ್ನು ಸೀಟಿಗಿಂತ ಎತ್ತರಕ್ಕೆ ಏರಿಸಿ, ತುದಿಗಳು ನನ್ನ ಕಡೆಗೇ ತಿರುಗಿಕೊಂಡ ಅಗಲದ ಹ್ಯಾಂಡಲ್ ಹಾಕಿದ. ಎರಡು ದಪ್ಪ ಸ್ಪ್ರಿಂಗಿನ ಅಗಲದ ಸೀಟು ಕೂಡಿಸಿದ. ನನ್ನನ್ನು ಅದರ ಮೇಲೆ ಹತ್ತಿಸಿ, ಹಿಮ್ಮಡಿ ಪೆಡಲಿಗೆ ತಾಗಿದಾಗ ಕಾಲು ಪೂರ್ತಿ ಚಾಚುತ್ತದೆಯೋ, ಮೊಣಕೈ ಸಡಿಲವಿದೆಯೋ, ಭುಜ ಕಿವಿಗೆ ಏರುತ್ತಿಲ್ಲವಷ್ಟೇ ಎಂದು ಟೈಲರಿನಂತೆ ಸುತ್ತಲೂ ತಿರುಗಿ ನೋಡಿದ. ಎದುರಿಗೆ ಹೋಗಿ ನಿಂತು, "ನನ್ನ ಮುಖ ಕಾಣತೈತೇನು?" ಎಂದ. ಕಾಣುತ್ತದೆ ಎಂದೆ. "ಹಂಗಾರ ಎತ್ತರ ಸರಿ ಐತಿ" ಎಂದು ನಟ್ಟು ಬಿಗಿದ. ಸ್ಟ್ಯಾಂಡು, ಬೆಲ್ಲು, ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಬಂದವು. ಬೇಡಬೇಡವೆಂದರೂ ಮುಂದೊಂದು ಬುಟ್ಟಿಯೂ ಬಂತು. ಮಾನ್ಯರೇ, ಮುಚ್ಚಿಡುವುದೇಕೆ, ನಾನೀಗ ತಮ್ಮ ಮೊದಲ ಚಿತ್ರದ ಆ ಮುದುಕಪ್ಪನೇ ಆಗಿದ್ದೇನೆ. ಏನು ಸುಖ! ಏನು ಗಾಳಿ! ಬೆನ್ನು ನೆಟ್ಟಗೆ, ಕೈ ಹಗುರ, ಹಾದಿಯ ಎರಡೂ ಬದಿಯ ಜಗಲಿಗಳು ಕಾಣುತ್ತವೆ, ಯಾರ ಮನೆ ಮುಂದೆ ಶೇಂಗಾ ಒಣಗಿದೆ, ಯಾರು ಯಾರೊಡನೆ ನಿಂತು ಚಾಡಿ ಹೇಳುತ್ತಿದ್ದಾರೆ ಎಲ್ಲವೂ ಕಾಣುತ್ತದೆ. ಮೊದಲ ದಿನ ಬಾಗಳಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಬೆಲ್ಲು ಹೊಡೆಯುತ್ತ ಹಾಡು ಹೇಳಿಕೊಂಡು ಹೋದೆ.

ಆದರೆ ಸುಖವಾಗಿ ನೆಟ್ಟಗೆ ಕೂತವನಿಗೆ ಜನರ ಮಾತೂ ನೆಟ್ಟಗೆ ಕಿವಿಗೆ ಬೀಳುತ್ತದೆ. ಚಹಾ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ತಂಬ್ರಹಳ್ಳಿಯ ಬೀಗರ ಮನೆಯಲ್ಲೂ ಒಂದೇ ಸುದ್ದಿ: "ಪಾಲಯ್ಯ ಬಗ್ಗಿದನಂತ!" ಆರು ವರ್ಷ ಕಾಪಾಡಿಕೊಂಡು ಬಂದ ನನ್ನ ಕುತ್ತಿಗೆಯ ಕೀರ್ತಿ ಹೀಗೆ ಸಂತೆಗೆ ಬಿದ್ದದ್ದು ಕಂಡು ನನ್ನೊಳಗಿನ ಹಳೆಯ ಸೊಕ್ಕು ಎದ್ದು ಕೂತಿತು. ಸರಿಯಾಗಿ ಅದೇ ಹೊತ್ತಿಗೆ, ಮೊದಲ ವಾರದಲ್ಲೇ ನನ್ನ ಸೊಂಟನೋವು ಕಂಡು ಸಂಗೀತಾ ಕಳಿಸಿದ್ದ ದೂರಿಗೆ ತಮ್ಮ ಕಂಪನಿಯ ಉತ್ತರ ಅಂಚೆಯಲ್ಲಿ ಬಂತು. 'ಈ ಸೈಕಲ್ಲಿನ ಹ್ಯಾಂಡಲ್ ನನ್ನ ಇಚ್ಛೆಗೆ ವಿರುದ್ಧವಾಗಿ ನನ್ನನ್ನು ಬಾಗಿಸುತ್ತಿತ್ತು' ಎಂದು ಒಪ್ಪಿ ಸಹಿ ಮಾಡಿದರೆ ಬೇರೆ ಸೈಕಲ್ ಕೊಡುತ್ತೇವೆಂಬ ನಮೂನೆ ಅದು. ಎಂಥ ಸೊಗಸಾದ ಕಾಗದ! ಸಹಿ ಹಾಕಿ, ಚಹಾ ಅಂಗಡಿಯ ಗೋಡೆಗೆ ಅಂಟಿಸಿದರೆ ಪಾಲಯ್ಯ ಬಾಗಿರಲಿಲ್ಲವೆಂದು ಊರಿಗೇ ಸಾಬೀತು. ಸಹಿ ಹಾಕಿದೆ. ಮಡಿಸಿ ಜೇಬಿನಲ್ಲಿಟ್ಟುಕೊಂಡು ಸೈಕಲ್ ಹತ್ತಿದೆ.

ದಾದಾಪೀರನ ಅಂಗಡಿ ಬಂತು. ಹಂಪು ಬಂತು. ತಲೆ ಇಳಿಯಲಿಲ್ಲ, ಈ ಹ್ಯಾಂಡಲ್ಲಿನಲ್ಲಿ ಇಳಿಯುವುದೂ ಇಲ್ಲ. ಸ್ಟೂಲಿನ ಮೇಲೆ ಕೂತು ಟ್ಯೂಬಿಗೆ ಪ್ಯಾಚು ಹಚ್ಚುತ್ತಿದ್ದ ಅವನು ಮುಖ ಎತ್ತಿ ನನ್ನನ್ನೇ ನೋಡಿದ. ಅಷ್ಟು ಎತ್ತರದಲ್ಲಿ ಕೂತ ನನಗೆ ಅವನ ಮುಖ ಸ್ಪಷ್ಟವಾಗಿ ಕಂಡಿತು, ವಯಸ್ಸಾಗಿದೆ, ಹುಬ್ಬು ಬೆಳ್ಳಗಾಗಿದೆ. ಆರು ವರ್ಷದಲ್ಲಿ ನಾನು ನೋಡದೆ ಬಿಟ್ಟದ್ದು ಎಷ್ಟೆಂದು ಆಗ ಗೊತ್ತಾಯಿತು. ಇಳಿದೆ. ಸ್ಟ್ಯಾಂಡು ಹಾಕಿದೆ. ಅವನ ಮುಂದೆ ಹೋಗಿ ನಿಂತು, ಯಾವ ಕಂಪನಿಯ ಸಹಾಯವೂ ಇಲ್ಲದೆ, ಸ್ವಂತ ಕುತ್ತಿಗೆಯನ್ನು ಸ್ವಂತ ಖರ್ಚಿನಲ್ಲಿ ಬಗ್ಗಿಸಿದೆ. "ದಾದಾ, ತಪ್ಪಾತು. ಅವತ್ತ ಸಂಜಿಕಾ ಆ ಸೀಟು ನೋಡಿದ್ದೆ. ಮೊದ್ಲು ಬಗ್ಗಿದ್ದೆಲ್ಲಾ ಸೈಕಲ್ಲು, ನಾನಲ್ಲ. ಇದು ನಾನು" ಎಂದು ಜೇಬಿನ ನಮೂನೆಯನ್ನೂ ತೆಗೆದು ಅವನ ಕೈಗಿಟ್ಟೆ.

ಅವನು ಕಾಗದ ಬಿಡಿಸಿ ಓದಿದ. ಆಮೇಲೆ ಅದರಲ್ಲೇ ಎರಡೂ ಕೈಯ ಗ್ರೀಸು ನೀಟಾಗಿ ಒರೆಸಿಕೊಂಡು, ಉಂಡೆ ಮಾಡಿ ಗುಜರಿ ರಾಶಿಗೆ ಎಸೆದ. "ಗೊತ್ತಿತ್ತಲೇ ಹುಚ್ಚಪ್ಪಾ. ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿನಿ, ಆ ಹ್ಯಾಂಡಲ್ ಹಿಡದ್ರ ತಹಸೀಲ್ದಾರನೂ ಬಗ್ಗತಾನ ಅಂತ ದೂರದಿಂದ್ಲಾ ಗೊತ್ತಾಗಂಗಿಲ್ಲೇನು? ನಿನ್ನ ಮನಿಗೆ ಬರಾಕ ನನಗೂ ಒಂದ್ ನೆಪ ಬೇಕಾಗಿತ್ತು, ಸಿಕ್ತು, ಬಂದೆ" ಎಂದ. ನಾವಿಬ್ಬರೂ ಅರವತ್ತು ದಾಟಿದವರು, ನಡುಬೀದಿಯಲ್ಲಿ, ಪಂಚರ್ ಹಾಕಿಸಲು ಬಂದವರ ಎದುರಿಗೆ ಕಣ್ಣೀರು ಬರುವಷ್ಟು ನಕ್ಕೆವು, ನಗದೇ ಬಂದ ಕಣ್ಣೀರೂ ಅದರಲ್ಲಿತ್ತು.

ಮೇಲ್ಕಂಡ ಕಾರಣಗಳಿಂದ ತಾವು ಕಳಿಸಿದ ನಮೂನೆಯನ್ನು ಹಿಂದಿರುಗಿಸಲಾಗುತ್ತಿಲ್ಲ, ಕ್ಷಮಿಸಬೇಕು. ನಕ್ಷತ್ರಗಳ ವಿಷಯದಲ್ಲಿ, ಸೀಟಿಗೆ ಒಂದೂ ಕೊಡಲಾರೆ, ಹ್ಯಾಂಡಲ್ಲಿಗೆ ಆಕಾಶದಲ್ಲಿರುವುದನ್ನೆಲ್ಲ ಕೊಟ್ಟರೂ ಸಾಲದು, ಒಟ್ಟು ಎಷ್ಟಾಯಿತೆಂದು ತಾವೇ ಮೀಟರ್ ಓದಿಕೊಳ್ಳುವುದು. ಸಾಧ್ಯವಾದರೆ ತಾವು ಒಮ್ಮೆ ಫೋನಿನಿಂದ ಇಳಿದು ಹರಪನಹಳ್ಳಿಗೆ ದಯಮಾಡಿಸಬೇಕು. ದಾದಾಪೀರನ ಸ್ಟೂಲಿನ ಮೇಲೆ ಒಂದು ದಿನ ಕೂತು ಬಂದವರ ಮುಖ ನೋಡಿ ಸೈಕಲ್ ಆರಿಸುವುದನ್ನು ಕಲಿಯಬೇಕು, ಚಹಾ ಖರ್ಚು ನನ್ನದು. ಬೀರಲಿಂಗೇಶನ ಟಗರೂ ತಮ್ಮ ಭೇಟಿಗೆ ಬಹಳ ಉತ್ಸುಕವಾಗಿದೆ. ಬರುವ ದಿನ ಮೊದಲೇ ತಿಳಿಸಿದರೆ ಅದನ್ನು ಕಟ್ಟಿಹಾಕದೆ ಬಿಟ್ಟಿರುವ ವ್ಯವಸ್ಥೆ ಮಾಡಲಾಗುವುದು.

ತಮ್ಮ ವೇಗ ಹೆಚ್ಚದೆ, ಬುದ್ಧಿ ಮಾತ್ರ ಹೆಚ್ಚಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಪಾಲಯ್ಯ
(ನೆಟ್ಟಗೆ ಕೂತು ಬರೆದದ್ದು)

ತಾ.ಕ.: ತಮ್ಮ ಹನ್ನೊಂದು ಪ್ರಶ್ನೆಗಳ ಕೊನೆಗೆ ಹನ್ನೆರಡನೆಯದೊಂದನ್ನು ಸೇರಿಸಬೇಕೆಂದು ದಾದಾಪೀರ್ ಮತ್ತು ನಾನು ಜಂಟಿಯಾಗಿ ಕೋರುತ್ತೇವೆ: 'ನೀವು ಯಾರೊಂದಿಗಾದರೂ ಮಾತು ಬಿಟ್ಟಿದ್ದೀರಾ?' ಇಲ್ಲವೆಂದವರಿಗೆ ಹೂಕೋಸಿನ ಸೈಕಲ್ಲನ್ನೇ ಕೊಡಿ. ಹೌದೆಂದವರಿಗೆ ಬಿರುಗಾಳಿಯನ್ನು ಕೊಟ್ಟು, ಜಗಳವಾಡಿದವರ ಮನೆ ಯಾವ ಓಣಿಯಲ್ಲಿದೆಯೆಂದು ಮಾತ್ರ ವಿಚಾರಿಸಿ, ಹಂಪು ನಾವು ಹಾಕಿಸುತ್ತೇವೆ.